ಹಾಸ್ಟೈಲ್ ಸಾಕ್ಷಿ ಅಂತ ಯಾರನ್ನ ಕರೀತೀವಿ?

2025 ಮಾರ್ಚ್ 11, ಮಂಗಳವಾರ

ಕಂಬಾಲಪಲ್ಲಿ ಹತ್ಯಾಕಾಂಡ ನಡೆದು ಇವತ್ತಿಗೆ 25 ವರ್ಷ. ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಯಾಕೆ ಹಿಂಗಾಯ್ತು ಅಂದ್ರೆ ಎಲ್ರೂ ಹೇಳೋದು ಒಂದೇ, ಸಾಕ್ಷಿಗಳು ಹಾಸ್ಟೈಲ್ ಆದ್ರು, ಅಂದ್ರೆ ಪೊಲೀಸರ ಮುಂದೆ ಹೇಳಿದ್ದಕ್ಕೆ ಕೋರ್ಟಲ್ಲಿ ಉಲ್ಟಾ ಹೊಡೆದ್ರು ಅಂತ.

ಈ ಪದ ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಹಾಸ್ಟೈಲ್ ಅಂದ್ರೆ ಹಗೆ ಸಾಧಿಸೋ, ಶತ್ರು ಪಕ್ಷದ ಅಂತ ಅರ್ಥ, ಶತ್ರು ಸೈನ್ಯಕ್ಕೂ ಅದೇ ಪದ, ಆಡಳಿತ ಮಂಡಳಿ ಬೇಡ ಅಂದ್ರೂ ಷೇರು ಕೊಂಡು ಕಂಪನಿ ವಶ ಮಾಡ್ಕೊಂಡ್ರೆ ಅದೂ ಹಾಸ್ಟೈಲ್ ಟೇಕೋವರ್. ಆದ್ರೆ ಕಟಕಟೇಲಿ ನಿಂತಿರೋ ಕೂಲಿ ಹೆಂಗಸಿಗೆ ಯಾರ ಮೇಲೆ ಹಗೆ? ಸೆರಗಿನ ತುದಿ ಸುತ್ತುತಾ ನಿಂತಿರ್ತಾಳೆ, ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ "ನಾನು ನೋಡಿಲ್ಲ ಸ್ವಾಮಿ, ಪೊಲೀಸರ ಮುಂದೆ ಏನೂ ಹೇಳಿಲ್ಲ" ಅಂತಾಳೆ, ಹಿಂದಿನ ಬೆಂಚಲ್ಲಿ ಆರೋಪಿ ಕಡೆಯೋರು ಕೂತಿರ್ತಾರೆ, ಸಾಯಂಕಾಲ ಅದೇ ಬಸ್ಸಲ್ಲಿ ಅದೇ ಊರಿಗೆ ಹೋಗ್ಬೇಕು, ನಾಳೆ ಕೂಲಿಗೂ ಅವ್ರ ಹೊಲಕ್ಕೇ ಹೋಗ್ಬೇಕು. ಅಷ್ಟರಲ್ಲಿ "ಹಾಸ್ಟೈಲ್ ಅಂತ ಟ್ರೀಟ್ ಮಾಡೋಕೆ ಅನುಮತಿ ಕೊಡಿ" ಅಂತ ವಕೀಲರು ಕೇಳ್ತಾರೆ, ಎದುರು ಪಕ್ಷದ ವಕೀಲರು ಕೆದಕಿ ಕೇಳೋ ಥರ ಪಾಟೀ ಸವಾಲು ಶುರು.

1872ರ ಸಾಕ್ಷ್ಯ ಕಾಯ್ದೆಯ 154ನೇ ಸೆಕ್ಷನ್ ತೆಗೆದು ಓದಿ, ಈ ಪದಾನೇ ಇಲ್ಲ ಅಲ್ಲಿ. ಕರೆಸಿದೋರೇ ತಮ್ಮ ಸಾಕ್ಷಿಗೆ ಪಾಟೀ ಸವಾಲಿನ ಥರ ಪ್ರಶ್ನೆ ಕೇಳೋಕೆ ಕೋರ್ಟ್ ಅನುಮತಿ ಕೊಡಬಹುದು ಅಂತಷ್ಟೇ ಇದೆ, ಅದರ ಬದಲು 2024ರ ಜುಲೈಯಿಂದ ಜಾರಿಗೆ ಬಂದಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 157ರಲ್ಲೂ ಹಂಗೇ. ಉಲ್ಟಾ ಹೊಡೆದೋರ ಸಾಕ್ಷಿಯನ್ನ ಪೂರ್ತಿ ಬಿಸಾಕೋ ಹಾಗಿಲ್ಲ, ನಂಬಬಹುದಾದ ಭಾಗ ತಗೋಬಹುದು ಅಂತ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ದುಡ್ಡು ತಗೊಂಡು ಮಾತು ಬದಲಾಯಿಸೋರೂ ಇದಾರೆ, ಅದು ಬೇರೆ. ಆದ್ರೆ ದುಡ್ಡು ತಿಂದವನಿಗೂ ಭಯಕ್ಕೆ ಬಾಯಿ ಕಟ್ಟಿದೋಳಿಗೂ ಒಂದೇ ಹಣೆಪಟ್ಟಿ ಅಂಟಿಸಿದ್ರೆ ಹೆದರಿಸಿದೋನ ಹೆಸರು ಎಲ್ಲೂ ಬರೋದೇ ಇಲ್ವಲ್ಲ!

2018ರ ಸಾಕ್ಷಿ ರಕ್ಷಣಾ ಯೋಜನೆ ಇದೆ, ಸುಪ್ರೀಂ ಕೋರ್ಟೇ ಒಪ್ಪಿದ್ದು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಿದ್ರೆ ಬೆದರಿಕೆ ಎಷ್ಟಿದೆ ಅಂತ ಪೊಲೀಸರಿಂದ ವರದಿ ತರಿಸ್ತಾರೆ. ಸಮನ್ಸ್ ಕೈಗೆ ಕೊಡೋವಾಗ್ಲೇ ಈ ಅರ್ಜಿ ವಿಷ್ಯ ಸಾಕ್ಷಿಗೆ ಬಾಯಿಬಿಟ್ಟು ಹೇಳ್ಬೇಕು, ಕೋರ್ಟ್ ಮೆಟ್ಟಿಲು ಹತ್ತಿದ ಮೇಲಲ್ಲ.