ಮಣ್ಣು ಬಡವಾಗೇ ಇರಲಿ

ನವೆಂಬರ್ 9, 2024, ಶನಿವಾರ
ಹ್ಯಾಂಬರ್ಗ್

ಇವರಿಗೆ ಇವತ್ತೂ ಆಫೀಸ್ ಕೆಲಸ. ಮೇಲ್ಮನೆ ಅಜ್ಜ ಲ್ಯೂನೆಬುರ್ಗ್ ಹೈಡೆ ಎಂಬ ಬಯಲಿಗೆ ಹೊರಟಿದ್ದರು, ಸುಮ್ನೆ ನಾನೂ ಕಾರು ಹತ್ತಿದೆ. ಎಲ್ಲರೂ ಅಲ್ಲಿಗೆ ಹೋಗುವುದು ಆಗಸ್ಟಿನಲ್ಲಿ, ಹೀದರ್ ಎಂಬ ಕುರುಚಲು ಗಿಡದ ನೇರಳೆ ಹೂವು ನೋಡಲು. ಈಗ ಕಣ್ಣು ಹಾಯಿಸಿದಷ್ಟೂ ಕಂದು. ಉಂಡೆಲೋದಲ್ಲಿ ಕಾರು ನಿಲ್ಲಿಸಿ ವಿಲ್ಸೆಡೆ ಕಡೆ ನಡೆದೆವು. ಆ ಊರಿಗೆ ಪ್ರವಾಸಿಗಳ ಕಾರು ಬಿಡುವುದಿಲ್ಲ. ಕುದುರೆ ಗಾಡಿಯೋ ಸೈಕಲ್ಲೋ ಸಿಗಬೇಕು, ಇಲ್ಲದಿದ್ದರೆ ಕಾಲೇ ಗತಿ.

ದಾರಿಯಲ್ಲಿ ಒಂದಿಷ್ಟು ಜನ ಕೈಗರಗಸ ಹಿಡಿದು ಬರ್ಚ್ ಸಸಿ ಕಡಿಯುತ್ತಿದ್ದರು. ಒಬ್ಬಳು ಹುಡುಗಿ ಮೊಣಕಾಲೆತ್ತರದ ಪೈನ್ ಸಸಿಯನ್ನು ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ರಾಶಿಗೆ ಎಸೆದಳು. ಮಣ್ಣೆಂದರೆ ಬೂದಿ ಬಣ್ಣದ ಬರೀ ಮರಳು. 1921ರಿಂದ ಸಂರಕ್ಷಿತ ಜಾಗ, ಇಲ್ಲಿ ಮರ ಕಡಿಯೋದಾ?

"ಕಡಿಯದಿದ್ದರೆ ಇದು ಕಾಡಾಗುತ್ತೆ, ಹೈಡೆ ಉಳಿಯಲ್ಲ" ಅಂದರು ಅಜ್ಜ.

ಈ ಬಯಲು ತಾನಾಗಿ ಆದದ್ದಲ್ಲವಂತೆ. ಸಾವಿರಾರು ವರ್ಷ ಜನ ಕಾಡು ಕಡಿದರು, ಕುರಿ ಮೇಯಿಸಿದರು. ಹೀದರನ್ನು ಮೇಲ್ಮಣ್ಣಿನ ಸಮೇತ ಕೆತ್ತಿ ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಸೇರಿದ ಮೇಲೆ ಹೊಲಕ್ಕೆ ಹಾಕಿದರು. ನಾನು ಅಲ್ಲೇ ನಿಂತುಬಿಟ್ಟೆ. ಇದು ನಮ್ಮ ಸೊಪ್ಪಿನ ಬೆಟ್ಟದ ಕತೆಯೇ ಅಲ್ವಾ! ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆ ಗೊಬ್ಬರ ತೋಟಕ್ಕೆ. ಅಜ್ಜನಿಗೆ ಹೇಳಿದೆ. ಯಾರು ಕಡಿಯುತ್ತಾರೆ, ಯಾವ ತಿಂಗಳು, ಎಷ್ಟು ಕಡಿಯಬಹುದು ಅಂತ ಒಂದೇ ಸಮ ಕೇಳಿದರು. ಕೊನೆಗೆ, "ಆ ಬೆಟ್ಟ ಈಗ ಹೇಗಿದೆ?"

ಮಾತು ಬದಲಿಸಿದೆ.

ರಾಸಾಯನಿಕ ಗೊಬ್ಬರ ಬಂದ ಮೇಲೆ ಇಲ್ಲಿ ಮಣ್ಣು ಕೆತ್ತುವುದು ನಿಂತಿತು. ಹೈಡೆಯನ್ನು ಉತ್ತರು, ಪೈನ್ ನೆಟ್ಟರು. 1906ರಲ್ಲಿ ವಿಲ್ಹೆಲ್ಮ್ ಬೋಡೆ ಎಂಬ ಪಾದ್ರಿ ದಾನಿಯೊಬ್ಬರ ದುಡ್ಡಿನಲ್ಲಿ ಟೋಟೆನ್‌ಗ್ರುಂಡ್ ಕಣಿವೆ ಕೊಳ್ಳದಿದ್ದರೆ ಅದೂ ಹೋಗುತ್ತಿತ್ತು. ಈಗಿನ ತೊಂದರೆ ಬೇರೆ. ವಾಹನದ ಹೊಗೆಯಿಂದ, ದನ ಹಂದಿ ಸಾಕುವಲ್ಲಿನ ಗೊಬ್ಬರದಿಂದ ಎದ್ದ ಸಾರಜನಕ ಗಾಳಿಯಲ್ಲಿ ಬಂದು ಬೀಳುತ್ತದೆ. ಮಣ್ಣು ಕೊಬ್ಬುತ್ತದೆ, ಹುಲ್ಲು ಹೀದರನ್ನು ನುಂಗುತ್ತದೆ. ಅದಕ್ಕೇ ಯಂತ್ರದಿಂದ ಮೇಲ್ಪದರ ಕೆರೆಸಿ ಸಾಗಿಸುತ್ತಾರೆ, ಚಳಿಗಾಲದಲ್ಲಿ ಅಲ್ಲಲ್ಲಿ ಬೆಂಕಿ ಹಾಕುತ್ತಾರೆ, ಹೈಡ್‌ಶ್ನುಕೆ ಕುರಿ ಮೇಯಿಸುತ್ತಾರೆ. ಬೂದು ಉಣ್ಣೆ, ಕಪ್ಪು ಮುಖದ ಕೊಂಬಿನ ಕುರಿಗಳು. ಮಣ್ಣು ಬಡವಾಗೇ ಇರಲಿ ಅಂತ ಇಷ್ಟೆಲ್ಲ! ಅಪ್ಪ ಇದ್ದಿದ್ದರೆ ಅರ್ಧ ದಾರಿಯಲ್ಲೇ ವಾಪಸ್ ಹೊರಟಿರುತ್ತಿದ್ದರು.

ನಂಗೂ ಇದು ಸ್ವಲ್ಪ ಹಟ ಅನ್ನಿಸಿತು. ಹಿಂದೆ ಕಾಡಿತ್ತಲ್ಲ, ಅದೇ ಬರಲಿ ಅಂದೆ. ಅಜ್ಜನಿಗೆ ಸಿಟ್ಟೇ ಬಂತು. "ಬಿರ್ಕ್‌ಹೂನ್‌ಗೆ ಯಾರು ಹೇಳೋದು, ನೀವಾ?" ಕಪ್ಪು ಕಾಡುಕೋಳಿಯಂಥ ಹಕ್ಕಿ ಅದು, ಬಯಲಿಲ್ಲದೆ ಬಾಳುವುದಿಲ್ಲ. ಆಮೇಲೆ ಚಹಾ ಕುಡಿಸಿದರು, ಪಾಪ.

ಹೀಟರ್ ಮತ್ತೆ ಕೈಕೊಟ್ಟಿದೆ. ಮನೆ ಓನರ್‌ಗೆ ಬರೆದು ಸಾಕಾಯಿತು.

ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದ್ದೆ. "ಕಿತ್ತಿದ್ದೆಲ್ಲ ಸೌದೆಗಾ?" ಅಂತ ಕೇಳಿದಳು. ಅದನ್ನು ನಾನು ವಿಚಾರಿಸಿರಲಿಲ್ಲ. ನಮ್ಮ ಬೆಟ್ಟದ ಮಾತೆತ್ತಿದೆ. "ಸೊಪ್ಪು ಕಡಿಯೋಕೆ ಆಳೆಲ್ಲಿದ್ದಾರೆ? ಚೀಲದ ಗೊಬ್ಬರ ತರಿಸ್ತೀವಿ. ನಿನ್ನ ತಮ್ಮ ಮೇಲಿನ ಮೂಲೇಲಿ ಅಕೇಶಿಯಾ ಹಾಕಿಸಿದ್ದಾನೆ." ಕೇಳಿದ್ದೇ ರೇಗಿತು. ಸೊಪ್ಪು ಹೊರುವವಳು ನಾನಲ್ಲ, ಆಳಿನ ಕೂಲಿ ಕೊಡುವವಳೂ ಅಲ್ಲ. ಆದರೂ ಅವನು ಒಂದು ಮಾತು ನನ್ನನ್ನು ಕೇಳಬಹುದಿತ್ತು.