ದೂರು ಭಾಳ ಅವ, ಈ ಇಂಜಿನ್ ತಗೋಬಹುದೇನ್ರೀ?

ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟವರೆಲ್ಲ ಮೊಬೈಲಿನಲ್ಲಿ ಮಾಲೀಕರ ದೂರು ಓದಿ ಇದನ್ನೇ ಕೇಳುತ್ತಾರೆ. ದೂರು ಎಷ್ಟಿವೆ ಎಂದು ಎಣಿಸಬೇಡಿ. ಒಂದೇ ಭಾಗ, ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರಿಗೆ, ಸರ್ವಿಸ್ ತಪ್ಪಿಸದವರಿಗೂ ಕೈಕೊಟ್ಟಿದೆಯೇ ನೋಡಿ. ಕೊಟ್ಟಿದ್ದರೆ ದೋಷ ಇಂಜಿನ್ನಿನದೇ. ಫೋರ್ಡಿನ 1.0 ಲೀಟರ್ ಇಕೋಬೂಸ್ಟ್ ಅಂಥದ್ದು. ಅದರ ಟೈಮಿಂಗ್ ಬೆಲ್ಟ್ ಆಯಿಲಿನೊಳಗೇ ತಿರುಗುತ್ತದೆ. ಸವೆದು ಉದುರಿದ ಚೂರು ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡರೆ ಪ್ರೆಶರ್ ಬಿದ್ದು ಇಂಜಿನ್ ಸೀಜ್ ಆಗುತ್ತದೆ. ಇಂಥ ದೂರನ್ನು ನಂಬಲೇಬೇಕು.

ಇನ್ನು 1248 ಸಿಸಿ ಡೀಸೆಲ್ ನೋಡಿ. ಫಿಯೆಟ್ ಪುಂಟೋದಲ್ಲಿ ಮಲ್ಟಿಜೆಟ್, ಮಾರುತಿ ಸ್ವಿಫ್ಟ್‌ನಲ್ಲಿ ಡಿಡಿಐಎಸ್, ಟಾಟಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್. ಹೆಸರು ಮೂರು, ಮೂಲ ಇಂಜಿನ್ ಒಂದೇ. ಒಂದನ್ನು ಹೊಗಳಿ ಇನ್ನೊಂದನ್ನು ಬೈದವರು ಬಹುಶಃ ವೈರಿಂಗನ್ನೋ ಸರ್ವಿಸನ್ನೋ ಬೈದಿರುತ್ತಾರೆ.

ಬಿಎಸ್6 ಡೀಸೆಲ್ ಕಾರುಗಳ, ಅಂದರೆ 2020ರ ಏಪ್ರಿಲ್ ನಂತರದವುಗಳ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೂರನ್ನು ನಿಧಾನವಾಗಿ ಓದಿ. ಸೈಲೆನ್ಸರ್ ಸಾಲಿನಲ್ಲಿರುವ ಆ ಫಿಲ್ಟರ್‌ನ ಮಸಿ ಸುಟ್ಟುಹೋಗಲು ಹುಮನಾಬಾದ್ ರಸ್ತೆಯಂಥ ಕಡೆ ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ಮನೆಯಿಂದ ಸೂಪರ್ ಮಾರ್ಕೆಟ್‌ಗೆ ಹೋಗಿಬರುವ ಕಾರಿನಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಸಿ ಸುಡಲೆಂದು ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಮೇಲಿನ ಗುರುತು ದಾಟಿದ್ದು ಮೂಗಿಗೆ ಡೀಸೆಲ್ ವಾಸನೆ ಹೊಡೆದರೆ ತೆಳುವಾದ ಆಯಿಲಿನಲ್ಲಿ ಬೇರಿಂಗ್‌ಗಳು ಸವೆದಿರಬಹುದು. ಹೈವೇ ಮೇಲೇ ಓಡುವವರಿಗೆ ಈ ಕಾಟ ಅಪರೂಪ.

ನಮ್ಮ ಕಡೆಯ ಎರಡು ಶತ್ರುಗಳು ಬೇರೆ ಊರಿನವರ ದೂರಿನಲ್ಲಿ ಸಿಗುವುದಿಲ್ಲ. ಒಂದು, ಬೋರ್‌ವೆಲ್ ನೀರು. ಕೂಲಂಟ್ ಬದಲು ಅದನ್ನೇ ಸುರಿದರೆ ಒಳಗೆ ಸುಣ್ಣ ಕಟ್ಟುತ್ತದೆ, ಮೇ ತಿಂಗಳ ಬಿಸಿಲಿಗೆ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗುತ್ತದೆ. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಾಯಿಯ ಸುತ್ತ ಬಿಳಿ ಪದರವೋ ತುಕ್ಕೋ ಕಂಡರೆ ಎಚ್ಚರ. ಆಯಿಲ್ ಮುಚ್ಚಳದ ಒಳಗೆ ಚಹಾ ಬಣ್ಣದ ಜಿಡ್ಡು ಮೆತ್ತಿದ್ದರೆ ನೀರು ಆಯಿಲಿಗೆ ಸೇರಿರಬಹುದು, ಆ ಗಾಡಿ ಬೇಡ. ಇನ್ನೊಂದು, ಧೂಳು. ತೊಗರಿ ರಾಶಿಯ ದಿನಗಳಲ್ಲಿ, ಶಹಾಬಾದಿನ ಕಲ್ಲು ಗಣಿ ಕಡೆ ಓಡಿದ ಕಾರಿನ ಏರ್ ಫಿಲ್ಟರ್ ಹೊಸದೇ ಇರಬಹುದು, ಮಾರುವವರು ನಿನ್ನೆಯೇ ಹಾಕಿಸಿರಬಹುದು. ಅದನ್ನು ತೆಗೆದು, ಇಂಜಿನ್ ಕಡೆಯ ಪೈಪಿನೊಳಗೆ ಬೆರಳು ಸವರಿ. ಅಲ್ಲಿ ಧೂಳು ಹತ್ತಿದರೆ ಅದು ಪಿಸ್ಟನ್ ರಿಂಗ್ ತನಕ ಹೋಗಿದೆ ಎಂದೇ ತಿಳಿಯಿರಿ. ಕಂಪ್ರೆಶನ್ ಟೆಸ್ಟ್, ಅಂದರೆ ಒಂದೊಂದು ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ, ಮಾಡಿಸದೆ ದುಡ್ಡು ಕೊಡಬೇಡಿ. ಸಿಲಿಂಡರ್‌ಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು.

ಇದನ್ನೆಲ್ಲ ನೋಡಲು ಬೆಳಗ್ಗೆ ಹೋಗಿ, ಮೊದಲು ಬಾನೆಟ್ ಮುಟ್ಟಿ. ಬಿಸಿಯಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಆಯಿಲ್ ಸುಡುತ್ತಿದೆ ಎಂದು ತೋರಿಸುವ, ತಣ್ಣನೆಯ ಇಂಜಿನ್ ಉಗುಳುವ ನೀಲಿ ಹೊಗೆ ನಿಮಗೆ ಕಾಣುವುದಿಲ್ಲ. ಮರುದಿನ ಹೇಳದೆ ಹೋಗಿ.