ನಾಲ್ಕರ ಪಕ್ಕದ ಚಕ್ಕೆ

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಅಂಗಡಿಯೊಂದರಲ್ಲಿ ಇಂದು ಹಳೆಯ ಒಮೆಗಾ ಸೀಮಾಸ್ಟರ್ ಕೈಗಡಿಯಾರ ಕಟ್ಟಿಕೊಂಡು ಅರ್ಧ ಗಂಟೆ ಕುಳಿತಿದ್ದೆ. ಕೊಳ್ಳಲೂ ಇಲ್ಲ, ಬಿಚ್ಚಲೂ ಇಲ್ಲ.

ಗಾಜಿನ ಅಂಚಿನಲ್ಲಿ, ನಾಲ್ಕರ ಪಕ್ಕ, ಜೀರಿಗೆಗಿಂತ ಚಿಕ್ಕ ಚಕ್ಕೆ ಎದ್ದಿದೆ. ಕಣ್ಣಿಗೆ ಕಾಣುವುದಿಲ್ಲ, ಉಗುರು ಆಡಿಸಿದರೆ ತಡೆಯುತ್ತದೆ. ಸಫೈರ್ ಗಾಜು. ಸುಲಭಕ್ಕೆ ಗೀರು ಬೀಳುವುದಿಲ್ಲ, ಪೆಟ್ಟು ಬಿದ್ದರೆ ಮಾತ್ರ ಹೀಗೆ ಹಾರುತ್ತದೆ. ಅಕ್ರಿಲಿಕ್ ಆಗಿದ್ದರೆ ಉಜ್ಜಿ ಹೊಳಪು ಕೊಡಿಸಬಹುದಿತ್ತು. ಇದಕ್ಕೆ ಗಾಜನ್ನೇ ಬದಲಿಸಬೇಕು. ಒಳಗೆ ನೀರು ತಡೆಯುವ ರಬ್ಬರ್ ಉಂಗುರದ ಕಥೆ ಏನೋ!

"ಗಾಜು ಬಿಡು ತಮ್ಮಾ, ಮುಳ್ಳು ನೋಡು" ಎಂದರು ಅಂಗಡಿಯ ಅಜ್ಜ. ನೋಡಿದೆ. ಸೆಕೆಂಡಿನ ಮುಳ್ಳು ಕುಪ್ಪಳಿಸುವುದಿಲ್ಲ, ಎಣ್ಣೆಯ ಹಾಗೆ ಹರಿಯುತ್ತದೆ. ಅಲ್ಲೇ ಅರ್ಧ ಸೋತೆ.

ಅಪ್ಪನ ಎಚ್‌ಎಂಟಿಯ ಗಾಜಿನ ತುಂಬ ಗೀರು. ಅದನ್ನು ಎಂದೂ ದೋಷ ಎಂದುಕೊಂಡಿರಲಿಲ್ಲ. ಇದು ಯಾರದೋ ಕೈ, ಯಾವುದೋ ಊರಿನ ಗೋಡೆ. ಪರರ ಪೆಟ್ಟಿಗೆ ನಾನೇಕೆ ಲಕ್ಷಗಟ್ಟಲೆ ಸುರಿಯಬೇಕು? ಹೊಸದಕ್ಕೆ ಸುರಿಯುವಷ್ಟು ಇಲ್ಲವಲ್ಲ, ಅದಕ್ಕೆ.

ಬಿಚ್ಚಿಟ್ಟು ಬಂದೆ. ನಾಳೆ ಹಿಂದಿನ ಮುಚ್ಚಳ ತೆಗೆಸಿ ನೋಡುವುದೆಂದು ಮಾತಾಗಿದೆ. ಧಾರವಾಡದ ಬಸ್ಸಿನಲ್ಲಿ ಪಕ್ಕದವರು ಗಂಟೆ ಎಷ್ಟೆಂದು ಕೇಳಿದರು. ಬರಿಯ ಮಣಿಕಟ್ಟನ್ನು ಎತ್ತಿ ನೋಡಿಕೊಂಡೆ.